ತಳಿಯ ಒಡೆತನವೂ ನ್ಯಾಯಾಲಯದ ತಕ್ಕಡಿಯೂ

ಮಾಲೂರು, ಕೋಲಾರ ಸೀಮೆಯ ಕೆಮ್ಮಣ್ಣಿನಲ್ಲಿ ಆಲೂಗಡ್ಡೆ ಬೆಳೆಯುವ ರೈತನು, ಚೆನ್ನಾಗಿ ಬಂದ ಗಡ್ಡೆಗಳನ್ನು ಬಿತ್ತನೆಗೆಂದು ತೆಗೆದಿರಿಸಿ ನೆರೆಯವನಿಗೂ ಕೊಡುವಾಗ, ಆ ತಳಿಗೆ ಒಡೆಯನೊಬ್ಬನಿರಬಹುದೆಂಬ ಶಂಕೆಯೂ ಅವನ ಮನದಲ್ಲಿ ಸುಳಿಯದು.

ನಮ್ಮ 1970ರ ಪೇಟೆಂಟ್ ಕಾಯಿದೆಯು ಗಿಡಗಳಿಗೂ ಬೀಜಗಳಿಗೂ ಪೇಟೆಂಟನ್ನು ನಿರಾಕರಿಸಿದೆ. ಆದರೆ ಅದರ ಸಹೋದರನೆನ್ನಬಹುದಾದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು, ತಳಿಯನ್ನು ನೋಂದಾಯಿಸಿದವನಿಗೆ ಸಾಮಾನ್ಯ ಬೆಳೆಯಾದರೆ 15 ವರ್ಷಗಳವರೆಗೆ, ಶ್ರೀನಿವಾಸಪುರದ ಮಾವಿನಂಥ ಮರವಾದರೆ 18 ವರ್ಷಗಳವರೆಗೆ, ವಿಶೇಷ ಹಕ್ಕನ್ನು ದಯಪಾಲಿಸುತ್ತದೆ. ಹಕ್ಕನ್ನು ಕೊಡುವುದೂ ದೋಷ ಕಂಡರೆ ರದ್ದುಗೊಳಿಸುವುದೂ ಆ ಕಾಯಿದೆಯಡಿ ಸ್ಥಾಪಿತವಾದ ದೆಹಲಿಯ ಪ್ರಾಧಿಕಾರದ ಕೆಲಸ. ಆ ಪ್ರಾಧಿಕಾರವು ತಪ್ಪಿದಲ್ಲಿ ತಿದ್ದುವುದು, 2021ರಲ್ಲಿ ನ್ಯಾಯಮಂಡಳಿಗಳ ಸುಧಾರಣೆಯಾದ ಬಳಿಕ, ಹೈಕೋರ್ಟಿನ ಹೊಣೆ.

ಈ ಏರ್ಪಾಡಿನ ಅರ್ಥವು ಸ್ಪಷ್ಟವಾಗುವುದು ಪೆಪ್ಸಿಕೋ ಪ್ರಕರಣದಲ್ಲಿ. ಚಿಪ್ಸಿಗಾಗಿ ಬೆಳೆಸುವ ಎಫ್‌ಸಿ5 ಎಂಬ ಆಲೂ ತಳಿಯನ್ನು ಕಂಪನಿಯು 2016ರಲ್ಲಿ ನೋಂದಾಯಿಸಿ, 2019ರಲ್ಲಿ ಗುಜರಾತಿನ ಕೆಲವು ರೈತರ ಮೇಲೆ ಕೋಟಿ ರೂಪಾಯಿಗೂ ಮಿಕ್ಕ ಪರಿಹಾರ ಕೋರಿ ದಾವೆ ಹೂಡಿತು. ಜನಾಕ್ರೋಶವುಂಟಾದಾಗ ಆ ದಾವೆಗಳನ್ನು ಹಿಂತೆಗೆದುಕೊಂಡಿತು. ರೈತರ ಹಕ್ಕುಗಳ ಹೋರಾಟಗಾರ್ತಿ ಕವಿತಾ ಕುರುಗಂಟಿಯವರ ಅರ್ಜಿಯ ಮೇಲೆ ಪ್ರಾಧಿಕಾರವು 2021ರ ಡಿಸೆಂಬರ್ 3ರಂದು ನೋಂದಣಿಯನ್ನೇ ರದ್ದುಗೊಳಿಸಿತು. 2023ರ ಜುಲೈ 5ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠವು ಆ ರದ್ದತಿಯನ್ನು ಎತ್ತಿಹಿಡಿಯಿತು; 2024ರ ಜನವರಿ 9ರಂದು ವಿಭಾಗೀಯ ಪೀಠವು ಆ ತೀರ್ಪನ್ನು ತಳ್ಳಿಹಾಕಿತು. ಕಂಪನಿಯ ನೋಂದಣಿ ಅರ್ಜಿಯಲ್ಲಿನ ಲೋಪಗಳು ನೋಂದಣಿಯನ್ನೇ ಕೆಡವುವಷ್ಟು ಗುರುತರವಲ್ಲವೆಂಬುದು ಅದರ ಮತ.

ಒಂದೇ ಕಾಗದವನ್ನು ಪ್ರಾಧಿಕಾರವೂ ಏಕಸದಸ್ಯ ಪೀಠವೂ ಒಂದು ಬಗೆಯಾಗಿ, ವಿಭಾಗೀಯ ಪೀಠವು ಇನ್ನೊಂದು ಬಗೆಯಾಗಿ ಓದಿದುದು ನ್ಯಾಯದ ಚಂಚಲತೆಯೆಂದು ನನಗೆ ತೋರದು. ಅಧಿಕಾರಿಯ ನಿರ್ಣಯವನ್ನು ಹೊರಗಿನವರು ಕಾನೂನಿನ ಬೆಳಕಿನಲ್ಲಿ ಮತ್ತೆ ನೋಡುವ ಏರ್ಪಾಡು ಕಂಪನಿಗೂ ರೈತನಿಗೂ ಸಮಾನವಾದ ರಕ್ಷೆ. ಆದರೆ ದೆಹಲಿಯವರೆಗೆ ಹೋಗಿ ವಕೀಲರನ್ನಿರಿಸಿಕೊಳ್ಳುವ ಶಕ್ತಿ ಮುಳಬಾಗಿಲಿನ ರೈತನಿಗೆಲ್ಲಿಯದು? ಅವನಿಗೆ ಹತ್ತಿರದ ದಾರಿಯೆಂದರೆ, ತಳಿಯ ಅರ್ಜಿಯು ಪ್ರಕಟವಾದ 3 ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸುವುದು. ಅದನ್ನು ಯಾರು ಬೇಕಾದರೂ ಸಲ್ಲಿಸಬಹುದು. ರೈತಸಂಘಗಳೂ ಕೃಷಿ ಅಧಿಕಾರಿಗಳೂ ಈ ಪ್ರಕಟಣೆಗಳನ್ನು ಊರೂರಿಗೆ ತಲುಪಿಸಬೇಕು.

ಮತ್ತೊಂದು ಮಾತು. ನೋಂದಾಯಿತ ತಳಿಯ ಬೀಜವನ್ನಾದರೂ ಉಳಿಸಿ, ಬಿತ್ತಿ, ವಿನಿಮಯ ಮಾಡಿ, ಮಾರುವ ಹಕ್ಕು 2001ರ ಅದೇ ಕಾಯಿದೆಯ 39ನೆಯ ಕಲಮಿನಂತೆ ರೈತನಿಗುಂಟು. ಆ ತಳಿಯ ಹೆಸರಿನ ಚೀಟಿ ಅಂಟಿಸಿ ಬ್ರಾಂಡ್ ಮಾಡಿ ಮಾತ್ರ ಮಾರಕೂಡದು.