ಭೂಮಿಯ ಭ್ರಮಣೆ ಮತ್ತು ವಿಮಾನದ ವೇಳೆ

ಭ್ರಮಣೆಯ ಪಾಠಕ್ಕೆ ಬಿಂಕದಕಟ್ಟಿಯ ಮಕ್ಕಳ ಪ್ರಶ್ನೆ ಒಂದೇ: “ಹೆಲಿಕಾಪ್ಟರ್ ಮ್ಯಾಲೆ ಸುಮ್ನ ನಿಂತ್ರ, ಕೆಳಗ ಊರು ಸರದು ಹೋಗಬೇಕಲ್ರೀ?”

ನಮ್ಮ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತದೆ. ಗಾಳಿಯೂ ಅದರ ಜೊತೆಗೇ. ಸಮವೇಗದ ಬಸ್ಸಿನೊಳಗೆ ಮೇಲೆಸೆದ ಚೆಂಡು ಕೈಗೇ ಮರಳುವ ಉದಾಹರಣೆಯಿಂದ ನಾನು ಇದನ್ನು ವಿವರಿಸುತ್ತೇನೆ.

ಆದರೆ ಪಾಠ ಅಲ್ಲಿಗೇ ನಿಲ್ಲಬಾರದು. ಗಡಿಯಾರದ ವ್ಯತ್ಯಾಸ ಕಳೆದ ಮೇಲೂ, ಬೆಂಗಳೂರಿನಿಂದ ಲಂಡನ್ನಿಗೆ ಹೋಗುವುದಕ್ಕಿಂತ ಮರಳುವುದಕ್ಕೆ ಸಾಮಾನ್ಯವಾಗಿ ಕಡಿಮೆ ಹೊತ್ತು ಸಾಕು. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಜೆಟ್ ಮಾರುತ ಬರುವಾಗ ಹಿಂದಿನಿಂದ ತಳ್ಳುತ್ತದೆ, ಹೋಗುವಾಗ ಎದುರಾಗುತ್ತದೆ. ಧ್ರುವದತ್ತ ಹೊರಟ ಗಾಳಿಯನ್ನು ಹೀಗೆ ಪೂರ್ವಕ್ಕೆ ತಿರುಗಿಸುವುದು ಭ್ರಮಣೆಯೇ.

ಆದ್ದರಿಂದ ‘ಪರಿಣಾಮವಿಲ್ಲ’ ಎಂದಷ್ಟೇ ಹೇಳಿದರೆ ಉತ್ತರ ಅರ್ಧವಾದೀತು. ನೆಲ ಸರಿದು ಅಲ್ಲ, ಗಾಳಿಯ ಮೂಲಕ ಭ್ರಮಣೆ ವಿಮಾನದ ವೇಳೆಯನ್ನು ಬದಲಿಸುತ್ತದೆ.