ಕಾಳಿಯ ನಾಲಗೆ, 50 ಪೌಂಡು

ಹಾಡಿಗೆ ಚಲಚ್ಚಿತ್ರ ಕಟ್ಟುವ ವಿದ್ಯಾರ್ಥಿಗಳು ಶ್ರಮವನ್ನೆಲ್ಲ ಕ್ಯಾಮೆರಾಕ್ಕೆ ಸುರಿದು, ಪ್ರಚಾರಚಿತ್ರವನ್ನು ಕಡೆಯ ರಾತ್ರಿಗೆ ತಳ್ಳುವುದುಂಟು. ಅಂಥವರು ಲಂಡನ್ನಿನ ಜಾನ್ ಪಾಶ್ ಎಂಬಾತನ ವೃತ್ತಾಂತವನ್ನು ಅರಿಯುವುದು ಒಳ್ಳೆಯದು.

1970ರಲ್ಲಿ ಆತನಿನ್ನೂ ರಾಯಲ್ ಕಾಲೇಜ್ ಆಫ್ ಆರ್ಟ್‌ನ ವಿದ್ಯಾರ್ಥಿ. ರೋಲಿಂಗ್ ಸ್ಟೋನ್ಸ್ ಗಾಯಕವೃಂದದ ಪ್ರವಾಸಕ್ಕೆ ಭಿತ್ತಿಪತ್ರ ರಚಿಸಿದ ಆತನಿಗೆ ಅವರ ಲಾಂಛನದ ಕೆಲಸವೂ ದೊರೆಯಿತು. ಗಾಯಕ ಮಿಕ್ ಜಾಗರ್ ಮಾದರಿಯಾಗಿ ತೋರಿಸಿದ್ದು ನಮ್ಮ ಕಾಳಿಕಾದೇವಿಯ ಚಿತ್ರವನ್ನು! ಆ ಚಾಚಿದ ನಾಲಗೆಯೇ ಕೆಂದುಟಿಗಳ ನಡುವೆ ಲಾಂಛನವಾಗಿ ಮೂಡಿತು. ಸಂಭಾವನೆ ಕೇವಲ 50 ಪೌಂಡು. 1972ರಲ್ಲಿ ಮತ್ತೆ 200.

1971ರ ‘ಸ್ಟಿಕಿ ಫಿಂಗರ್ಸ್’ ಧ್ವನಿಮುದ್ರಿಕೆಯೊಡನೆ ಆ ನಾಲಗೆ ಲೋಕವನ್ನೆಲ್ಲ ಸುತ್ತಿತು. 2008ರಲ್ಲಿ ಅದರ ಮೂಲಚಿತ್ರವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವು 92,500 ಡಾಲರಿಗೆ ಕೊಂಡಿತು.

ಹಾಡು ಕಿವಿಯನ್ನು ಸೇರುವ ಮುನ್ನ ಚಿತ್ರ ಕಣ್ಣನ್ನು ಸೇರಿರುತ್ತದೆ. ವಿದ್ಯಾರ್ಥಿಯ ಕೆಲಸವೆಂದು ಲೋಕ ಅದನ್ನು ಅಗ್ಗವಾಗಿ ಕೊಂಡೀತು. ವಿದ್ಯಾರ್ಥಿಯೇ ಹಗುರವಾಗಿ ಎಣಿಸಬಾರದು.