ಮಕ್ಕಳ ಕೈಗೆ ಪರ್ಯಾಯಪದಗಳ ಕೋಶ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಿರಿಯ ಪ್ರಾಥಮಿಕ ಶಾಲೆಗಳ ಮಕ್ಕಳು ಬರೆಯುವ ಕನ್ನಡ ಪ್ರಬಂಧಗಳನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಅಕ್ಷರ ದುಂಡಗಿರುವುದು, ಕಾಗುಣಿತವೂ ಬಹುಮಟ್ಟಿಗೆ ಶುದ್ಧವೇ. ಆದರೆ ಮಳೆಗಾಲವೂ 'ತುಂಬಾ ಚೆನ್ನಾಗಿದೆ', ಊರ ಜಾತ್ರೆಯೂ 'ತುಂಬಾ ಚೆನ್ನಾಗಿದೆ', ಗಾಂಧೀಜಿಯವರ ಜೀವನವೂ 'ತುಂಬಾ ಚೆನ್ನಾಗಿದೆ'. ಏಳನೆಯ ತರಗತಿಯ ಬಾಲಕನಿಗೆ ಹೇಳತಕ್ಕ ವಿಷಯವೇ ಇಲ್ಲವೆಂದು ಇದರ ಅರ್ಥವಲ್ಲ. ಹೇಳುವುದಕ್ಕೆ ಪದ ಸಾಲದು. ಪರೀಕ್ಷಾ ಫಲಿತಾಂಶಗಳಲ್ಲಿ ಹೆಸರು ಪಡೆದ ಈ ಜಿಲ್ಲೆಯಲ್ಲಿ ಇಂಥ ಬಡತನವು ಯಾರ ಲೆಕ್ಕಕ್ಕೂ ಬಾರದೆ ಹೋಗಿರುವುದು, ಯಾಕಂದರೆ ಅಂಕ ಗಳಿಸುವುದಕ್ಕೆ ಬಾಯಿಪಾಠವೇ ಸಾಕಾಗುತ್ತದೆ.

ಇಲ್ಲಿಯ ಮಕ್ಕಳಲ್ಲಿ ಹೆಚ್ಚಿನವರಿಗೆ ಪುಸ್ತಕದ ಕನ್ನಡವು ಮನೆಯ ಮಾತಲ್ಲ. ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ, ಇವುಗಳಲ್ಲಿ ಒಂದನ್ನು ಬಾಯಲ್ಲಿಟ್ಟುಕೊಂಡು ಅವರು ಶಾಲೆಯ ಮೆಟ್ಟಲು ಹತ್ತುವರು. ಮನೆಯಲ್ಲಿ ತಗ್ಗಿನ ಗದ್ದೆ ಬೈಲು, ನಡುವಿನದು ಮಜಲು, ಎತ್ತರದ್ದು ಬೆಟ್ಟು ಎಂದು ನೆಲದ ಭೇದವನ್ನು ತಪ್ಪದೆ ಬಲ್ಲ ಹುಡುಗನು ಶಾಲೆಯ ಪುಸ್ತಕದಲ್ಲಿ ಬರಿಯ 'ಹೊಲ' ಎಂದು ಬರೆಯುತ್ತಾನೆ. ಬೈಲು ಎಂದು ಬರೆದರೆ ಉಪಾಧ್ಯಾಯರು ಕೆಂಪು ಗೆರೆ ಎಳೆದಾರೆಂಬ ಅಂಜಿಕೆ ಅವನಿಗೆ.

ಹಿಂದಣ ಪಾಠಶಾಲೆಗಳಲ್ಲಿ ಈ ಕೊರತೆಗೆ ಒಂದು ಮದ್ದು ಇತ್ತು, ಅದೇ ಅಮರಕೋಶ. ಅಮರಸಿಂಹನು ಪದಗಳನ್ನು ವಿಷಯಾನುಸಾರವಾಗಿ ವರ್ಗಗಳಲ್ಲಿ ಜೋಡಿಸಿ, ಒಂದೊಂದು ವಸ್ತುವಿನ ಹೆಸರುಗಳನ್ನು ಒಟ್ಟಿಗೆ ಪೋಣಿಸಿದನು. ಆಂಗ್ಲರು ಕೊಂಡಾಡುವ ರೋಜೆ ಎಂಬ ವೈದ್ಯನ ಕೋಶವು 1852ರಲ್ಲಿ ಹೊರಬಂದದ್ದು. ನಮ್ಮದು ಅದಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು. ಕನ್ನಡದಲ್ಲಿಯೂ ನಾಗವರ್ಮ, ಮಂಗರಾಜ ಮೊದಲಾದವರ ನಿಘಂಟುಗಳು ಉಂಟು. ಆದರೆ ಪಾಠಶಾಲೆಯ ಕ್ರಮವನ್ನು ನಾವು ಕಣ್ಣುಮುಚ್ಚಿ ಹೊಗಳಲಾರೆವು. ಅಗ್ನಿಯ ಹೆಸರುಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ ಮಾಣಿಗೆ ಯಾವ ಹೆಸರನ್ನು ಎಲ್ಲಿ ಇಡಬೇಕೆಂದು ಕೇಳಿದವರು ಎಷ್ಟು ಮಂದಿ? ಪದಸಂಗ್ರಹವು ಅರ್ಧ ವಿದ್ಯೆ, ಪದವಿವೇಕವೇ ಉಳಿದರ್ಧ.

ಈ ಉಳಿದರ್ಧವಿಲ್ಲದೆ ಮಗುವಿನ ಕೈಗೆ ಕೋಶವನ್ನು ಕೊಟ್ಟರೆ ಆಗುವ ಅನರ್ಥವನ್ನು ವಾಚಕರು ಊಹಿಸಬಲ್ಲರು. ನೀರು, ಜಲ, ಉದಕ, ಸಲಿಲ ಒಂದೇ ಎಂದು ಕಲಿತವಳು 'ಅಜ್ಜಿ ಬಾವಿಯಿಂದ ಸಲಿಲ ಸೇದಿದಳು' ಎಂದು ಬರೆದಾಳು. ಹೊಟ್ಟೆ ಎಂದರೆ ಜಠರ, ಕಿಚ್ಚು ಎಂದರೆ ಅಗ್ನಿ. ಆದರೆ ಹೊಟ್ಟೆಕಿಚ್ಚು ನೆರೆಯವನ ಏಳಿಗೆಯನ್ನು ಕಂಡು ಹುಟ್ಟುವುದು, ಜಠರಾಗ್ನಿ ಹಸಿವೆಯಿಂದ! ಸಮಾನಾರ್ಥಕವೆಂಬ ಹೆಸರೇ ಸ್ವಲ್ಪ ಮೋಸದ್ದು. ಎರಡು ಪದಗಳು ಪೂರ್ತಿ ಒಂದೇ ಆಗುವುದು ಅಪರೂಪ.

ಪುತ್ತೂರಿನ ಮಗುವಿಗೆ ಇದನ್ನು ತಿಳಿಸಲು ಬಹಳ ದೂರ ಹೋಗಬೇಕಾಗಿಲ್ಲ. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಸುಲಿದು ಚಾಲಿ, ಪಟೋರ, ಕೋಕ ಎಂದು ಬೇರೆ ಬೇರೆ ರಾಶಿ ಮಾಡುವುದನ್ನು ಅದು ದಿನವೂ ನೋಡುತ್ತದೆ. ಎಲ್ಲವೂ ಅಡಿಕೆಯೇ, ಆದರೂ ಕೋಕವನ್ನು ಚಾಲಿಯೆಂದು ಮಾರಲು ಹೋದರೆ ಅಂಗಡಿಯವನು ಒಪ್ಪುವನೆ? ಸಿಟ್ಟು, ಮುನಿಸು, ಕೋಪ, ರೋಷ, ಕ್ರೋಧ ಇವುಗಳನ್ನೂ ಹೀಗೆಯೇ ಹೆಕ್ಕಿ ಬೇರೆಯಾಗಿಸಬೇಕು. ಸತ್ಯಭಾಮೆಯದು ಮುನಿಸು, ದುಶ್ಶಾಸನನನ್ನು ಕಂಡ ಭೀಮನದು ಕ್ರೋಧ. ಇವೆರಡನ್ನು ಅದಲು ಬದಲು ಮಾಡಿದರೆ ತಾಳಮದ್ದಳೆಯ ಸಭೆ ನಕ್ಕುಬಿಡುವುದು. ಭಾಗವತರ ಪದ್ಯ ಮುಗಿದೊಡನೆ, ಕೈಯಲ್ಲಿ ಕಾಗದವಿಲ್ಲದೆ, ಪಾತ್ರಕ್ಕೆ ತಕ್ಕ ಮಾತನ್ನು ಆರಿಸಿ ಆಡುವ ಅರ್ಥಧಾರಿಗಳ ಸೀಮೆ ಇದು. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು (1914–1984) ಆ ವಿದ್ಯೆಯಿಂದಲೇ ಹೆಸರಾದರು. ಇಂಥ ನೆಲದ ಮಕ್ಕಳಿಗೆ ಪದಭೇದ ತಿಳಿಯದೆಂದರೆ ತಪ್ಪು ಮಕ್ಕಳದಲ್ಲ.

ಪಾಠದ ಕ್ರಮವು ಸರಳವಾಗಿರಲಿ. ವಾರಕ್ಕೆ ಒಂದು ಅವಧಿ, ಒಂದೇ ಪದ. 'ನೋಡು' ಎಂಬುದನ್ನು ತೆಗೆದುಕೊಳ್ಳೋಣ. ಮಕ್ಕಳು ಕೋಶದಿಂದಲೂ ಮನೆಯ ಹಿರಿಯರಿಂದಲೂ ಕಾಣು, ಇಣುಕು, ದಿಟ್ಟಿಸು, ಗಮನಿಸು, ಅವಲೋಕಿಸು ಎಂದು ತಂದು ಹಲಗೆಯ ಮೇಲೆ ಬರೆಯಲಿ. ಒಂದೊಂದಕ್ಕೂ ವಾಕ್ಯವನ್ನು ಕಟ್ಟಲಿ. ಬಳಿಕ ಉಪಾಧ್ಯಾಯರು ಒಂದು ವಾಕ್ಯದ ಪದವನ್ನು ಇನ್ನೊಂದಕ್ಕೆ ಹಾಕಿ ಓದಿಸಲಿ. ಬೆಕ್ಕು ಅಡಿಗೆಮನೆಯನ್ನು 'ಅವಲೋಕಿಸಿತು' ಎಂದಾಗ ತರಗತಿ ನಕ್ಕರೆ ಪಾಠ ಮುಗಿದಂತೆಯೇ. ಮನೆಮಾತಿನ ಪದಕ್ಕೂ ಹಲಗೆಯ ಮೇಲೆ ಜಾಗವಿರಲೇಬೇಕು. ಕಠಿನ ಪದವೇ ಶ್ರೇಷ್ಠವೆಂಬ ಭ್ರಮೆಯನ್ನಂತೂ ಮೊದಲ ದಿನವೇ ಬಿಡಿಸತಕ್ಕದ್ದು. ಎಷ್ಟೋ ಸಲ ಕೋಶವನ್ನೆಲ್ಲ ತಿರುವಿ ಹಾಕಿದ ಮೇಲೆ ಮೊದಲಿನ 'ನೋಡು' ಎಂಬುದೇ ಸರಿಯೆಂದು ತೋರುವುದು.

ಈಗ ಪುಸ್ತಕದ ಮಾತು. ಕಿಟ್ಟೆಲರ ಕೋಶವು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 'ಸಿರಿಗನ್ನಡ ಅರ್ಥಕೋಶ'ವನ್ನು ರಚಿಸಿದರು. ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರ ವರೆಗೆ ಹೊರಬಂದವು. ಇವು ಪಂಡಿತರಿಗೂ ದೊಡ್ಡವರಿಗೂ ಒದಗಿದವು. ಹನ್ನೆರಡು ವರ್ಷದ ಹುಡುಗಿ ತಾನೇ ತೆರೆದು ನೋಡುವಂಥ, ಭೇದವನ್ನು ಉದಾಹರಣೆಯೊಡನೆ ಹೇಳುವ ಪರ್ಯಾಯಪದಗಳ ಸಣ್ಣ ಕೋಶವು ಪ್ರತಿ ತರಗತಿಗೂ ಬೇಕು. ಮೊಬೈಲಿನಲ್ಲಿ ಎಲ್ಲವೂ ಸಿಗುವುದೆನ್ನುವವರು, ಅಲ್ಲಿ ಸಿಗುವ ಪಟ್ಟಿಯು ಮುನಿಸನ್ನೂ ಕ್ರೋಧವನ್ನೂ ಬೇರೆ ಮಾಡಿಕೊಡುವುದೋ ಎಂದು ಒಮ್ಮೆ ನೋಡಲಿ. ಕೋಶ ಸಿದ್ಧವಾಗುವ ವರೆಗೆ ಮಕ್ಕಳ ಹಲಗೆಯ ಪಟ್ಟಿಗಳನ್ನೇ ಒಂದು ದಪ್ಪ ಪುಸ್ತಕಕ್ಕೆ ಇಳಿಸಿ ಮುಂದಿನ ತರಗತಿಗೆ ಒಪ್ಪಿಸಬಹುದು. ಅದಕ್ಕೆ ಯಾವ ಅಧಿಕಾರಿಯ ಮಂಜೂರಾತಿಯೂ ಬೇಡ.

ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಬೀಗ ಹಾಕಿಟ್ಟಿರುವ ನಿಘಂಟನ್ನು ತರಗತಿಯ ಮೇಜಿನ ಮೇಲೆ ಇಡಬೇಕೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಂದು ಸುತ್ತೋಲೆಯನ್ನು ಕಳುಹಿಸಲಿ. ಪುಟ ಹರಿದೀತೆಂಬ ಭಯ ಬೇಡ. ಹರಿದರೆ ಓದಿದರೆಂದೇ ತಿಳಿಯೋಣ. ವಾರ್ಷಿಕೋತ್ಸವಕ್ಕೆ ಶಾಲು, ಹಾರ, ಸ್ಮರಣಿಕೆಗಳನ್ನು ಒದಗಿಸುವ ಊರ ಮಹನೀಯರು ಈ ಸಲ ಆ ಹಣದಲ್ಲಿ ಪರಿಷತ್ತಿನ ಸಂಕ್ಷಿಪ್ತ ನಿಘಂಟಿನ ಹತ್ತು ಪ್ರತಿಗಳನ್ನು ತಮ್ಮ ಊರಿನ ಶಾಲೆಗೆ ತರಿಸಿಕೊಡಲಿ ಎಂದು ನಾವು ಕೇಳಿಕೊಳ್ಳುತ್ತೇವೆ.